ಚಿಲಕ ಹಾಕದ ಒಂದು ರಾತ್ರಿ

ಅವತ್ತು ಬೆಳಿಗ್ಗೆ ನಮ್ಮನೆ ಹುಂಜ ಕೂಗಲಿಲ್ಲ. ಮೊಬೈಲ್ ಅಲಾರಂ ಮಾತ್ರ ಕೂಗಿತು. ನಾಲ್ಕನೇ ಸೆಮಿಸ್ಟರ್‌ನ ಮೊದಲ ಇಂಟರ್ನಲ್ಸ್ ಇದ್ದ ದಿನ. ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದವನು ಬ್ರಷ್ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ. ಕೋಳಿಗೂಡಿನ ಬಾಗಿಲು ಅರ್ಧ ತೆರೆದಿತ್ತು. ನೆಲದ ತುಂಬ ಪುಕ್ಕ. ಒಳಗೆ ಎಂಟು ಕೋಳಿ ಕತ್ತು ಮುರಿದುಕೊಂಡು ಬಿದ್ದಿದ್ದವು. ಮೂರು ಕಾಣೆ. ದೊಡ್ಡ ಹುಂಜ ಮೂಲೆಯಲ್ಲಿ ಉಸಿರೆಳೆಯುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು.

ಬಾಗಿಲು ಹಾಕುವ ಕೆಲಸ ನನ್ನದು. ಹಿಂದಿನ ದಿನ ಸಂಜೆ ಕೋಳಿಗಳು ಒಳಗೆ ಸೇರಿದ ಮೇಲೆ ಬಾಗಿಲು ಮುಂದಕ್ಕೆ ತಳ್ಳಿ, ‘ಚಿಲಕ ಆಮೇಲೆ ಹಾಕಿದರಾಯ್ತು’ ಎಂದು ಓದಲು ಕೂತಿದ್ದೆ. ವಿಷಯ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ರಾತ್ರಿ ಹನ್ನೊಂದರವರೆಗೆ ಫ್ಯಾಕ್ಟರ್ ಆಫ್ ಸೇಫ್ಟಿ ಲೆಕ್ಕ ಬಿಡಿಸಿದವನಿಗೆ ಗೂಡಿನ ಚಿಲಕ ನೆನಪಾಗಲೇ ಇಲ್ಲ!

ನಮ್ಮೂರು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹಿತ್ತಲು ದಾಟಿದರೆ ಕುರುಚಲು ಕಾಡು, ಅದರಾಚೆ ಕಾಫಿ ತೋಟ. ಇಲ್ಲಿ ಕೋಳಿ ಸಾಕದ ಮನೆ ಕಡಿಮೆ. ಕೋಳಿ ಹೋದರೆ ‘ಕೋಳಿ ತಾನೇ’ ಅನ್ನುವವರೇ ಜಾಸ್ತಿ. ಆದರೆ ಅವು ಅವ್ವನ ಕೋಳಿಗಳು. ತೋಟದ ದುಡ್ಡು, ಹಾಲಿನ ದುಡ್ಡು ಎಲ್ಲಾ ಅಪ್ಪನ ಕೈಗೆ ಬರುತ್ತೆ. ಅವ್ವ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅಂದರೆ ಮೊಟ್ಟೆಯದು ಮತ್ತು ಹುಂಜದ್ದು. ಅದು ಕಡಲೆಹಿಟ್ಟಿನ ಡಬ್ಬದ ತಳದಲ್ಲಿರುತ್ತಿತ್ತು. ನನ್ನ ಬಸ್ ಪಾಸು, ಎರಡು ಸಲದ ಎಕ್ಸಾಂ ಫೀಸು ಆ ಡಬ್ಬದಿಂದಲೇ ಬಂದಿದ್ದು. ಯುಗಾದಿಗೆ ಇನ್ನು ಎರಡು ವಾರವಿತ್ತು. ಹೊಸತೊಡಕಿಗೆ ನಾಟಿ ಹುಂಜಕ್ಕೆ ಎಷ್ಟು ಬೇಡಿಕೆ ಅಂತ ನಿಮಗೆ ಗೊತ್ತಲ್ಲ! ಅವ್ವ ಒಂದು ಹುಂಜವನ್ನು ಅದಕ್ಕೆಂದೇ ಮೇಯಿಸಿದ್ದಳು.

ಅವ್ವ ಬಂದಳು, ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದನ್ನೇ ಎತ್ತಿ ಮಂಕರಿಗೆ ಹಾಕಿದಳು. ‘ಜಾಲರಿ ಹಳೇದಾಗಿತ್ತು’ ಅಂದೆ ನಾನು. ಅವಳು ಏನೂ ಹೇಳಲಿಲ್ಲ. ‘ಟೈಮಾಯ್ತು, ಬಸ್ಸಿಗೆ ಹೋಗು’ ಅಂದಳು ಅಷ್ಟೇ. ಸಂಜೆ ಬಂದಾಗ ತೆಂಗಿನ ಬುಡದಲ್ಲಿ ಹೊಸ ಮಣ್ಣು ಮುಚ್ಚಿದ ಗುಂಡಿ ಕಂಡಿತು. ಆ ಇಂಟರ್ನಲ್ಸ್‌ನಲ್ಲಿ ನನಗೆ ಬಂದ ಮಾರ್ಕ್ಸ್ ಇಲ್ಲಿ ಬರೆಯುವಂಥದ್ದಲ್ಲ.

ಉಳಿದಿದ್ದು ಒಂದೇ, ಕೆಂಚಿ. ಕೆಂಪು ಬಣ್ಣದ ಜಗಳಗಂಟಿ ಹ್ಯಾಟೆ. ಎಷ್ಟು ಅಟ್ಟಿದರೂ ಗೂಡಿಗೆ ಸೇರದೆ ಹಲಸಿನ ಮರ ಹತ್ತಿ ಮಲಗುವುದು ಅದರ ಚಾಳಿ. ಅದನ್ನು ಮರದಿಂದ ಇಳಿಸಲು ನಾನು ಎಷ್ಟೋ ಸಂಜೆ ಕೋಲು ಹಿಡಿದು ಒದ್ದಾಡಿದ್ದೆ. ಕೊನೆಗೆ ನನ್ನ ಮಾತು ಕೇಳಿದ ಹನ್ನೆರಡೂ ಸತ್ತವು, ಕೇಳದ್ದು ಬದುಕಿತು.

ಕೊಂದಿದ್ದು ಯಾವುದು ಅಂತ ಊರಿನಲ್ಲಿ ಚರ್ಚೆ ನಡೆಯಿತು. ಹೆಚ್ಚಿನವರು ಮುಂಗುಸಿ ಅಂದರು. ಆದರೆ ಮುಂಗುಸಿ ಹಗಲು ತಿರುಗುವ ಪ್ರಾಣಿ, ರಾತ್ರಿ ಬಿಲದಲ್ಲಿರುತ್ತದೆ. ರಾತ್ರಿ ಬರುವುದು ಕಾಡುಬೆಕ್ಕು, ಪುನುಗು ಬೆಕ್ಕು ಅಥವಾ ಬೀದಿನಾಯಿ. ಹಗಲು ಅಂಗಳದಿಂದ ಮರಿ ಎಗರಿಸುವುದು ಕಾಗೆ, ಹದ್ದು. ಗುರುತೇ ಇಲ್ಲದೆ ಮೊಟ್ಟೆ ಕಾಣೆಯಾದರೆ ಹಾವಿನ ಮೇಲೂ ಅನುಮಾನ ಪಡಬೇಕು. ಗೂಡಿನ ಹಿಂದಿನ ಹಸಿ ಮಣ್ಣಿನಲ್ಲಿ ಉಗುರಿನ ಗುರುತಿಲ್ಲದ ದುಂಡು ಹೆಜ್ಜೆಗಳಿದ್ದವು. ನಾಯಿಯದಾದರೆ ಉಗುರು ಮೂಡುತ್ತದೆ. ನನ್ನ ಲೆಕ್ಕಕ್ಕೆ ಅದು ಕಾಡುಬೆಕ್ಕು.

‘ಒಂದು ತಿನ್ನೋಕೆ ಬಂದದ್ದು ಅಷ್ಟನ್ನೂ ಯಾಕೆ ಕೊಲ್ಲಬೇಕಿತ್ತು?’ ಎಂಬುದೇ ನನ್ನನ್ನು ಕೊರೆಯುತ್ತಿತ್ತು. ಆಮೇಲೆ ಓದಿದೆ. ಕಾಡಿನಲ್ಲಿ ಒಂದು ಹಕ್ಕಿ ಸಿಕ್ಕಿಬಿದ್ದರೆ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಗೂಡಿನಲ್ಲಿ ಹಾರಿಹೋಗಲು ದಾರಿ ಇಲ್ಲ. ಕಣ್ಣೆದುರು ರೆಕ್ಕೆ ಬಡಿಯುತ್ತಿರುವಷ್ಟು ಹೊತ್ತು ಪ್ರಾಣಿ ಕಚ್ಚುತ್ತಲೇ ಇರುತ್ತದೆ. ಅದಕ್ಕೆ ದ್ವೇಷವಿಲ್ಲ, ಲೆಕ್ಕವೂ ಇಲ್ಲ. ಓಡಲಾಗದ ಹಾಗೆ ಕೂಡಿಹಾಕಿ, ಬಾಗಿಲು ತೆಗೆದಿಟ್ಟವನು ನಾನು.

ನನ್ನ ಗೆಳೆಯನೊಬ್ಬ ಸತ್ತ ಕೋಳಿಗೆ ವಿಷ ಸವರಿ ಇಡೋಣ ಅಂದ. ನನಗೂ ಆ ಹೊತ್ತಿಗೆ ಸರಿ ಅನ್ನಿಸಿತ್ತು. ಕಾಡುಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ, ಕೊಂದರೆ ಅಪರಾಧ ಎಂಬುದೂ ಗೊತ್ತಿತ್ತು. ತಡೆದದ್ದು ಕಾಯ್ದೆಯಲ್ಲ, ಅವ್ವ. ‘ಅದನ್ನ ನಮ್ಮ ನಾಯಿ ತಿಂದ್ರೆ ಏನ್ ಮಾಡ್ತೀಯ? ಅದ್ರ ಹೊಟ್ಟೆಪಾಡಿಗೆ ಅದು ಬಂದಿತ್ತು ಕಣೋ. ಬಾಗಿಲು ನಮ್ದಲ್ವಾ?’ ಅಂದಳು. ‘ಬಾಗಿಲು’ ಅಂದಾಗ ನನ್ನ ಮುಖ ನೋಡಲಿಲ್ಲ.

ಒಂದೂವರೆ ತಿಂಗಳು ಗೂಡು ಖಾಲಿ ಇತ್ತು. ಬೆದರಿದ್ದ ಕೆಂಚಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿತ್ತು. ಅಪ್ಪ ‘ಕೋಳಿ ಸಹವಾಸ ಸಾಕು’ ಅಂದ. ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಸಂಜೆ ಹೊತ್ತು ಮಾತ್ರ ಅಭ್ಯಾಸಬಲದಿಂದ ನುಚ್ಚು ಹಿಡಿದು ಹಿತ್ತಲಿಗೆ ಹೋಗಿ ‘ಬಾ ಬಾ ಬಾ’ ಎಂದು ಕರೆಯುತ್ತಿದ್ದಳು. ಬರುತ್ತಿದ್ದುದು ಕೆಂಚಿಯೊಂದೇ. ಅದನ್ನು ನೋಡಲಾಗದೆ ಒಂದು ಭಾನುವಾರ ನಾನು ಗೂಡು ಬಿಚ್ಚಿದೆ.

ಬಿಚ್ಚಿ ನೋಡಿದರೆ ಚಿಲಕ ಒಂದೇ ಸಮಸ್ಯೆ ಆಗಿರಲಿಲ್ಲ. ಕೋಳಿ ಜಾಲರಿ ಅಂತ ಅಂಗಡಿಯಲ್ಲಿ ಮಾರುವ ಆರು ಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು, ಹಲ್ಲು ಉಗುರು ಇರುವ ಪ್ರಾಣಿ ಒಳಗೆ ಬಾರದಂತೆ ತಡೆಯುವುದಿಲ್ಲ. ಹೆಂಚಿನ ಕೆಳಗೆ ಮುಷ್ಟಿ ಹೋಗುವಷ್ಟು ಸಂದು ಇತ್ತು. ಹಿಂದಿನ ಗೋಡೆ ಬುಡದಲ್ಲಿ ಕೆರೆದ ಗುರುತಿತ್ತು. ಅವತ್ತಲ್ಲದಿದ್ದರೆ ಇನ್ನೊಂದು ದಿನ ಆಗುತ್ತಿತ್ತು. ಹಾಗಂತ ನನ್ನ ತಪ್ಪೇನೂ ಹಗುರವಾಗಲಿಲ್ಲ.

ಟ್ಯೂಷನ್ ಹೇಳಿ ಕೂಡಿಟ್ಟಿದ್ದ ದುಡ್ಡಿನಲ್ಲಿ ಅರ್ಧ ಇಂಚು ಕಿಂಡಿಯ ವೆಲ್ಡ್ ಮೆಶ್ ತಂದೆ. ಗೋಡೆಗೆ ಬರೀ ಮೊಳೆಯಲ್ಲ, ಮರದ ಪಟ್ಟಿ ಇಟ್ಟು ಸ್ಕ್ರೂ ಹೊಡೆದೆ. ಸುತ್ತಲೂ ಒಂದು ಅಡಿ ಅಗಲಕ್ಕೆ ಮೆಶ್ ಹಾಸಿ ಮೇಲೆ ಮಣ್ಣು, ಕಲ್ಲು ಹಾಕಿದೆ. ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಹಿಂದೆ ಸರಿದು ಕೆರೆಯುವ ಉಪಾಯ ಸಾಮಾನ್ಯವಾಗಿ ಅದಕ್ಕೆ ಹೊಳೆಯುವುದಿಲ್ಲ. ಹೆಂಚಿನ ಸಂದು ಮುಚ್ಚಿದೆ. ಬಾಗಿಲಿಗೆ ಎರಡು ಚಿಲಕ ಹಾಕಿ, ಕೊಕ್ಕೆಯೊಂದನ್ನೂ ಸೇರಿಸಿದೆ. ಬಿಇ ಸೇರಿದ ಮೇಲೆ ನಾನು ಕಟ್ಟಿದ ಮೊದಲ ಸ್ಟ್ರಕ್ಚರ್ ಇದು!

ಅಷ್ಟರಲ್ಲಿ ಕೆಂಚಿ ಮತ್ತೆ ಮೊಟ್ಟೆ ಇಡತೊಡಗಿ, ಕೆಲವು ವಾರದ ಮೇಲೆ ಕಾವಿಗೆ ಕೂತಿತು. ಆದರೆ ಹುಂಜವೇ ಇಲ್ಲದ ಮೇಲೆ ಆ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು? ಪಕ್ಕದ ಮನೆ ದೊಡ್ಡವ್ವ ಹನ್ನೊಂದು ಮೊಟ್ಟೆ ಪಾಲಿಗೆ ಕೊಟ್ಟರು. ಬದುಕಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಹಳ್ಳಿಯಲ್ಲಿ ಬರಿಗೈಯಾದವರು ಮತ್ತೆ ಶುರು ಮಾಡುವುದು ಹೀಗೇ. ಅವ್ವ ಮಂಕರಿಗೆ ಹುಲ್ಲು ಹಾಸಿ ಮೊಟ್ಟೆ ಜೋಡಿಸಿದಳು. ಗುಡುಗಿಗೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರನ್ನೂ ಇಟ್ಟಳು. ನಾನು ಎಂಜಿನಿಯರಿಂಗ್ ಓದುವವನು, ಆದರೂ ಆ ಚೂರನ್ನು ತೆಗೆಯಲಿಲ್ಲ.

ಆಗಲೇ ಹೇಳಿಬಿಟ್ಟೆ. ‘ಅವ್ವಾ, ಅವತ್ತು ಚಿಲಕ ಹಾಕಿರಲಿಲ್ಲ ನಾನು.’

‘ಗೊತ್ತು. ಬೆಳಿಗ್ಗೆ ಅದು ಹಂಗೇ ನೇತಾಡ್ತಿತ್ತಲ್ಲ.’

‘ಮತ್ತೆ ಬೈಲೇ ಇಲ್ಲ?’

‘ಪರೀಕ್ಷೆಗೆ ಹೊರಟವನನ್ನ ಬೈಯ್ಲಾ? ಆಮೇಲೆ ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ತಡ ಮಾಡ್ದೆ.’

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನ್ನಿಸಿತು.

ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಮೊಟ್ಟೆ ನೋಡಿದೆವು. ಒಂಬತ್ತರಲ್ಲಿ ಕೆಂಪು ನರಗಳ ಬಲೆ ಕಂಡಿತು, ಎರಡು ಖಾಲಿ. ಇಪ್ಪತ್ತೊಂದನೇ ದಿನ ಎಂಟು ಒಡೆದವು, ಒಂದು ಒಡೆಯಲೇ ಇಲ್ಲ. ಮರಿಗಳಿಗೆ ಏಳು ದಿನವಾದಾಗ ಪಶು ಆಸ್ಪತ್ರೆಯಲ್ಲಿ ಕೇಳಿ ರಾಣಿಖೇತ್ ರೋಗಕ್ಕೆ ಲಸೋಟಾ ಹನಿ ಹಾಕಿದೆವು. ಅದರ ಸೀಸೆ ನೂರು ಡೋಸಿನದ್ದು, ಹಾಗಾಗಿ ಅಕ್ಕಪಕ್ಕದ ಮನೆ ಮರಿಗಳಿಗೂ ಆಯಿತು. ಮೂರನೇ ವಾರ ನನ್ನ ಕಣ್ಣೆದುರೇ ಹದ್ದೊಂದು ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಕೆಂಚಿ ಮೇಲಕ್ಕೆ ಹಾರಿ ಕಾದಾಡಿತು, ಸಾಲಲಿಲ್ಲ. ಆದರೆ ಐದೇ ನಿಮಿಷದಲ್ಲಿ ಉಳಿದ ಏಳನ್ನು ಕರೆದುಕೊಂಡು ಕಾಫಿ ಗಿಡದ ಅಡಿ ಮಣ್ಣು ಕೆರೆಯುತ್ತಿತ್ತು. ಅದು ಮರೆತುಬಿಟ್ಟಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಏಳಕ್ಕೆ ಹಸಿವಾಗಿತ್ತು, ಅದು ಕೆರೆಯಲೇಬೇಕಿತ್ತು.

ಮರಿಗಳು ತಾಯಿಯನ್ನು ಬಿಟ್ಟು ಮೇಯತೊಡಗಿದ ಮೇಲೆ ಪಾಲು ಮಾಡಿದೆವು. ಏಳರಲ್ಲಿ ಅರ್ಧ ಮೂರೂವರೆ. ಅವ್ವ ದೊಡ್ಡವ್ವನಿಗೆ ನಾಲ್ಕು ಕೊಟ್ಟಳು. ನಮಗೆ ಉಳಿದದ್ದು ಎರಡು ಹ್ಯಾಟೆ ಮರಿ, ಒಂದು ಹುಂಜ. ಹುಂಜ ಈಗಷ್ಟೇ ಒಡೆದ ಗಂಟಲಲ್ಲಿ ಕೂಗಲು ಕಲಿಯುತ್ತಿದೆ. ಇದನ್ನು ಹೊಸತೊಡಕಿಗೆ ಮಾರುವುದಿಲ್ಲ, ಮರಿ ಮಾಡಿಸಲು ಬೇಕು ಅಂತ ಅವ್ವ ಈಗಲೇ ಹೇಳಿದ್ದಾಳೆ. ಕಡಲೆಹಿಟ್ಟಿನ ಡಬ್ಬದಲ್ಲಿ ಸದ್ಯಕ್ಕೆ ಕಡಲೆಹಿಟ್ಟು ಮಾತ್ರ ಇದೆ.

ಕೆಂಚಿ ಮತ್ತೆ ಹಲಸಿನ ಮರಕ್ಕೆ ಹೋಗಿದೆ. ಅದನ್ನು ಇಳಿಸಲು ನಾನೀಗ ಕೋಲು ಹಿಡಿಯುವುದಿಲ್ಲ. ಉಳಿದ ಮೂರು ಒಳಗೆ ಸೇರಿದ ಮೇಲೆ ಎರಡೂ ಚಿಲಕ ಹಾಕಿ, ಕೊಕ್ಕೆ ಸಿಕ್ಕಿಸಿ, ಒಮ್ಮೆ ಎಳೆದು ನೋಡಿ, ಆಮೇಲೆ ಪುಸ್ತಕ ತೆಗೆಯುತ್ತೇನೆ.