ಮೋಡದ ಗುಟ್ಟು ಹಿಡಿದ ವೈದ್ಯ

ಎರಾಸ್ಮಸ್ ಡಾರ್ವಿನ್ ಎಂದರೆ ಚಾರ್ಲ್ಸ್ ಡಾರ್ವಿನ್ನನ ತಾತ ಎಂದಷ್ಟೇ ನಾವು ಓದಿರುತ್ತೇವೆ. ಈ ಪರಿಚಯ ಆತನಿಗೆ ಸಾಲದು. 1731ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಎಲ್ಸ್ಟನ್ನಿನಲ್ಲಿ ಹುಟ್ಟಿ, ಕೇಂಬ್ರಿಜ್, ಎಡಿನ್‌ಬರೊಗಳಲ್ಲಿ ಕಲಿತು, ಲಿಚ್‌ಫೀಲ್ಡ್ ಊರಿನಲ್ಲಿ ವೈದ್ಯನಾಗಿ ನೆಲೆನಿಂತ ಈ ಮನುಷ್ಯ ರೋಗಿಗಳ ಮನೆಗಳ ನಡುವೆ ಗಾಡಿಯಲ್ಲಿ ಓಡಾಡುತ್ತಲೇ ವಿಜ್ಞಾನ ಮಾಡಿದ.

ಆತನ ಕೆಲಸಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು 1788ರ ಒಂದು ಪ್ರಬಂಧ. ಬೆಟ್ಟದ ತುದಿ ಬುಡಕ್ಕಿಂತ ತಣ್ಣಗಿರುವುದೇಕೆ? ಮೇಲೇರಿದ ಗಾಳಿಯಲ್ಲಿನ ಆವಿ ಮೋಡವಾಗುವುದೇಕೆ? ಉತ್ತರಕ್ಕಾಗಿ ಆತ ಕೈಗೆತ್ತಿಕೊಂಡದ್ದು ಗಾಳಿಬಂದೂಕನ್ನು. ಅದರೊಳಗೆ ಗಾಳಿಯನ್ನು ಒತ್ತಿ ತುಂಬಿ, ಒತ್ತುವಾಗ ಹುಟ್ಟಿದ ಬಿಸಿಯೆಲ್ಲ ಆರುವತನಕ ಬಿಟ್ಟು, ಆಮೇಲೆ ಆ ಗಾಳಿಯನ್ನು ಥರ್ಮಾಮೀಟರಿನ ಬುರುಡೆಯ ಮೇಲೆ ಹಾಯಿಸಿದ. ಪಾದರಸ ಕೆಳಗಿಳಿಯಿತು. ಒತ್ತಡ ಕಳೆದು ಹಿಗ್ಗುವ ಗಾಳಿ ಸುತ್ತಲಿನ ಗಾಳಿಯನ್ನು ತಳ್ಳಬೇಕು. ಆ ದುಡಿಮೆಗೆ ತನ್ನೊಳಗಿನ ಶಾಖವನ್ನೇ ವ್ಯಯಿಸಬೇಕು ಎಂದು ಇಂದಿನ ಭೌತವಿಜ್ಞಾನ ಹೇಳುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ಬೆರಳಿಗೆ ತಾಕುವ ತಂಪೂ ಇದೇ. ಹಂಗೆರಿಯ ಗಣಿಯೊಂದರಲ್ಲಿ ನೀರೆತ್ತುವ ಯಂತ್ರದಿಂದ ಒತ್ತಿದ ಗಾಳಿ ನುಗ್ಗಿ ಹೊರಬಂದಾಗ ಅದರ ತೇವ ಹಿಮವಾಗಿ ಬೀಳುತ್ತದೆಂಬ ವರದಿಯನ್ನೂ ಎರಾಸ್ಮಸ್ ಇದಕ್ಕೆ ಜೋಡಿಸಿದ. ಮೇಲೇರುವ ಗಾಳಿಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಅದು ಹಿಗ್ಗುತ್ತದೆ, ತಣಿಯುತ್ತದೆ. ಹಿಡಿದಿಟ್ಟುಕೊಂಡ ಆವಿ ಹನಿಗಟ್ಟುತ್ತದೆ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗ ಆಗುಂಬೆಯಲ್ಲಿ ಸುರಿಯುವ ಮಳೆಯ ಹಿಂದೆ ಇರುವುದೂ ಇದೇ ನಿಯಮ. ಹವಾಮಾನ ಶಾಸ್ತ್ರ ಎಂಬುದೊಂದು ಶಾಸ್ತ್ರವಾಗಿ ಇನ್ನೂ ಕಣ್ಣು ಬಿಡದಿದ್ದ ಕಾಲದಲ್ಲಿ, ಒಬ್ಬ ಊರ ವೈದ್ಯ ಇಷ್ಟನ್ನು ಪ್ರಯೋಗದಿಂದ ಕಂಡುಕೊಂಡ.

ಬರ್ಮಿಂಗ್‌ಹ್ಯಾಮ್ ಸುತ್ತಿನ ಗೆಳೆಯರ ಕೂಟವೂ ಆತನಿಗಿತ್ತು. ಉಗಿಯಂತ್ರದ ಜೇಮ್ಸ್ ವಾಟ್, ಕಾರ್ಖಾನೆ ಒಡೆಯ ಮ್ಯಾಥ್ಯೂ ಬೋಲ್ಟನ್, ಪಿಂಗಾಣಿಯ ಜೊಸಾಯ ವೆಜ್‌ವುಡ್, ಆಮ್ಲಜನಕದ ಜೋಸೆಫ್ ಪ್ರೀಸ್ಟ್ಲಿ ಇವರೆಲ್ಲ ಅದರಲ್ಲಿದ್ದರು. ಬೀದಿದೀಪಗಳಿಲ್ಲದ ಆ ಕಾಲದಲ್ಲಿ ರಾತ್ರಿ ಮನೆಗೆ ಮರಳಲು ಬೆಳಕಿರಲೆಂದು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದರಿಂದ ಅದಕ್ಕೆ ಲೂನಾರ್ ಸೊಸೈಟಿ ಎಂಬ ಹೆಸರು ಬಂತು. ಮಾತಾಡುವಾಗ ತೊದಲುತ್ತಿದ್ದ ಎರಾಸ್ಮಸ್, ತಿದಿಯಿಂದ ಗಾಳಿಯೂದಿ ಚರ್ಮದ ತುಟಿಗಳಿಂದ 'ಮಾಮಾ', 'ಪಾಪಾ' ಎನ್ನುವ ಯಂತ್ರ ಮಾಡಿದ. ತಿರುವಿನಲ್ಲಿ ಗಾಡಿ ಮಗುಚದಂತೆ ಮುಂದಿನ ಎರಡೂ ಚಕ್ರಗಳು ತಂತಮ್ಮ ಕೀಲಿನ ಮೇಲೆ ತಿರುಗುವ ಏರ್ಪಾಡನ್ನು ರೂಪಿಸಿದ. ಕಾರುಗಳ ಸ್ಟೀರಿಂಗ್ ನಿಂತಿರುವುದು ಈ ತತ್ವದ ಮೇಲೆಯೇ. ಅದಕ್ಕೆ 1818ರಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ ಎಂಬವನ ಹೆಸರು ಉಳಿಯಿತು.

ಜೀವಿಗಳ ವಿಚಾರಕ್ಕೆ ಬಂದರೆ ಆತನ ಧೈರ್ಯ ಬೆರಗು ಹುಟ್ಟಿಸುತ್ತದೆ. ಡಾರ್ವಿನ್ ಮನೆತನದ ಲಾಂಛನದಲ್ಲಿ ಮೂರು ಕಪ್ಪೆಚಿಪ್ಪುಗಳಿದ್ದವು. 'ಎಲ್ಲವೂ ಚಿಪ್ಪುಗಳಿಂದ' ಎಂಬರ್ಥದ ಲ್ಯಾಟಿನ್ ಮಾತನ್ನು ಅದಕ್ಕೆ ಸೇರಿಸಿ 1770ರಲ್ಲಿ ತನ್ನ ಗಾಡಿಯ ಮೇಲೆ ಬರೆಸಿದ. ಲಿಚ್‌ಫೀಲ್ಡ್ ಚರ್ಚಿನ ಪಾದ್ರಿ ಥಾಮಸ್ ಸೆವರ್ಡ್, ಸೃಷ್ಟಿಕರ್ತನನ್ನೇ ಅಲ್ಲಗಳೆಯುತ್ತಿದ್ದಾನೆಂದು ಪದ್ಯ ಕಟ್ಟಿ ಹೀಗಳೆದಾಗ ಗಾಡಿಯ ಮೇಲಿಂದ ಅದನ್ನು ಅಳಿಸಬೇಕಾಯಿತು. ವೈದ್ಯನಿಗೆ ರೋಗಿಗಳು ಬೇಕಲ್ಲ! ಆದರೆ ವಿಚಾರ ಅಳಿಯಲಿಲ್ಲ. 1794ರಿಂದ 1796ರವರೆಗೆ ಹೊರಬಂದ 'ಜೂನೊಮಿಯ' ಎಂಬ ವೈದ್ಯಗ್ರಂಥದಲ್ಲಿ, ಬಿಸಿರಕ್ತದ ಪ್ರಾಣಿಗಳೆಲ್ಲ ಕೋಟ್ಯಂತರ ವರ್ಷಗಳಲ್ಲಿ ಒಂದೇ ಜೀವತಂತುವಿನಿಂದ ಬೆಳೆದು ಬಂದಿರಬಹುದೆಂದು ಬರೆದ. ಗೊದಮೊಟ್ಟೆ ಕಪ್ಪೆಯಾಗುವುದು, ಸಾಕಿದ ಕುದುರೆ-ನಾಯಿಗಳ ತಳಿಗಳು ಬದಲಾಗಿರುವುದು, ಬೇರೆ ಬೇರೆ ಪ್ರಾಣಿಗಳ ದೇಹರಚನೆಯ ಹೋಲಿಕೆ, ಇವು ಆತನ ಆಧಾರಗಳು.

ಮೊಮ್ಮಗ ಈ ಪುಸ್ತಕವನ್ನು ಎಳೆಯ ವಯಸ್ಸಿನಲ್ಲಿ ಮೆಚ್ಚಿದ್ದ; ಮತ್ತೆ ಓದಿದಾಗ ಸಾಕ್ಷ್ಯಕ್ಕಿಂತ ಊಹೆಯೇ ಹೆಚ್ಚೆಂದು ನಿರಾಶನಾದ. ಆ ಟೀಕೆ ನ್ಯಾಯವಾದದ್ದೇ. ಪ್ರಾಣಿಗಳು ಬದಲಾಗುತ್ತವೆ ಎಂದು ಕಂಡ ತಾತನಿಗೆ, ಬದಲಾವಣೆಗಳನ್ನು ಆರಿಸಿ ಉಳಿಸುವ ನಿಸರ್ಗದ ಆಯ್ಕೆ ಸಿದ್ಧಾಂತವಾಗಿ ಹೊಳೆದಿರಲಿಲ್ಲ. ಹಾಗೆಂದು ಚಾರ್ಲ್ಸ್ ತಾತನನ್ನು ಕೈಬಿಡಲಿಲ್ಲ: 1879ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಎರಾಸ್ಮಸ್‌ನ ಜೀವನಚರಿತ್ರೆಯನ್ನು ತಾನೇ ಬರೆದು ಪ್ರಕಟಿಸಿದ.