ಭೂಮಿಯ ಪಾಠಕ್ಕೆ ಶುಲ್ಕ ಕಟ್ಟುವ ಮುನ್ನ

ಒಂದು ಸಂಜೆ ಕದ್ರಿ ದೇವಾಲಯದಿಂದ ಗುಡ್ಡವಿಳಿದು ಬರುತ್ತಿದ್ದಾಗ, ನಮ್ಮ ನೆರೆಮನೆಯ ನಿವೃತ್ತ ಮಾಸ್ತರರು ಮಡಿಸಿದ ಕರಪತ್ರವೊಂದನ್ನು ನನ್ನ ಕೈಗಿತ್ತರು. ಸ್ವಂತ ಬಂಡವಾಳವಿಲ್ಲದೆ ಭೂಮಿಯಿಂದ ಸಂಪತ್ತು ಗಳಿಸುವ ವಿದ್ಯೆ, ಎರಡು ಗಂಟೆಗಳ ಉಚಿತ ಉಪನ್ಯಾಸ ಎಂದು ಅದರಲ್ಲಿ ಅಚ್ಚಾಗಿತ್ತು. ಅವರು ಉಪನ್ಯಾಸವನ್ನು ಕೇಳಿಯೂ ಬಂದಿದ್ದರು. ಮುಂದಿನ ಮೂರು ದಿನಗಳ ಶಿಬಿರಕ್ಕೆ 40,000 ರೂಪಾಯಿ. ಮರುದಿನದೊಳಗೆ ಕಟ್ಟಿದವರಿಗೆ ಅರ್ಧ.

"ಮಗಳ ಮದುವೆಗೆಂದು ಇಟ್ಟ ಹಣವಿದೆ, ರಾಯರೇ. ಏನು ಮಾಡಲಿ?" ಎಂದರು.

ಅವರ ಆಸೆ ಅಸಹಜವಾದುದೇನಲ್ಲ. ಹಂಚಿನ ಮನೆಗಳಿದ್ದ ಹಿತ್ತಿಲುಗಳಲ್ಲಿ ಬಹುಮಹಡಿ ಕಟ್ಟಡಗಳು ಏಳುವುದನ್ನು ನಾವಿಬ್ಬರೂ ಕಣ್ಣಾರೆ ಕಂಡವರು. ಆದರೆ ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಪಿಗ್ಮಿ ಠೇವಣಿಯು 1928ರಲ್ಲಿ ಹುಟ್ಟಿದ ಕರಾವಳಿಯಿದು. ಹಾಗೆ ಹನಿಹನಿಯಾಗಿ ಕೂಡಿದ ಹಣವನ್ನು ಒಂದೇ ಸಂಜೆಯ ಉತ್ಸಾಹಕ್ಕೆ ಒಪ್ಪಿಸುವ ಮೊದಲು ಕೆಲವು ಸಂಗತಿಗಳನ್ನು ವಿಚಾರಿಸಬೇಕಲ್ಲವೇ?

ಉಚಿತ ಉಪನ್ಯಾಸದ ಈ ಮೆಟ್ಟಿಲು ಹೊಸತಲ್ಲ. ಅಮೆರಿಕದಲ್ಲಿ 2005ರಲ್ಲಿ ಆರಂಭವಾದ 'ಟ್ರಂಪ್ ಯೂನಿವರ್ಸಿಟಿ'ಯಲ್ಲಿ ಮೊದಲ ಉಪನ್ಯಾಸ ಉಚಿತ. ಅನಂತರದ ಮೂರು ದಿನಗಳ ಶಿಬಿರಕ್ಕೆ 1,495 ಡಾಲರು. ಆಪ್ತ ಮಾರ್ಗದರ್ಶನಕ್ಕೆ ಸುಮಾರು 35,000 ಡಾಲರು. ಹೆಸರಿನಲ್ಲಿ ಮಾತ್ರ ಅದು ವಿಶ್ವವಿದ್ಯಾಲಯ. ವಂಚನೆಯ ಆರೋಪ ಹೊತ್ತ ಮೊಕದ್ದಮೆಗಳು, ತಪ್ಪೊಪ್ಪಿಗೆಯಿಲ್ಲದೆ, 2016ರಲ್ಲಿ 2.5 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿದವು. ಪ್ರತಿಯೊಂದು ತರಗತಿಯೂ ಅದಕ್ಕಿಂತ ದುಬಾರಿಯಾದ ಇನ್ನೊಂದು ತರಗತಿಗೆ ಬಾಗಿಲಾದರೆ, ಅಲ್ಲಿ ಮಾರಾಟವಾಗುವುದು ಭೂಮಿಯ ಜ್ಞಾನವಲ್ಲ, ಮುಂದಿನ ತರಗತಿ.

ನಮ್ಮ ದೇಶದಲ್ಲಿ ಷೇರುಗಳ ಬಗೆಗೆ ಹಣ ಪಡೆದು ಸಲಹೆ ನೀಡುವವರು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2013ರಿಂದ ಇದೆ. ಭೂಮಿಯ ಪಾಠ ಹೇಳುವವರಿಗೆ ಅಂತಹ ಪರವಾನಗಿಯ ಕಟ್ಟಳೆಯಿಲ್ಲ. ಆದುದರಿಂದ ಅವರು ಕೊಡುವ ಪ್ರಮಾಣಪತ್ರಕ್ಕೆ ಗೋಡೆಯ ಅಲಂಕಾರಕ್ಕಿಂತ ಹೆಚ್ಚಿನ ಬೆಲೆ ಕಟ್ಟಬಾರದು.

ಆದರೆ ಪಾಠ ಹೇಳುವಾತನು ಇನ್ನೂ ಒಂದು ಹೆಜ್ಜೆ ಮುಂದಿಟ್ಟರೆ ಕಾನೂನು ಎಚ್ಚರಗೊಳ್ಳುತ್ತದೆ. 2016ರ ರೇರಾ ಕಾಯಿದೆಗೆ ಒಳಪಟ್ಟ ಬಡಾವಣೆಯ ನಿವೇಶನವನ್ನೋ ಫ್ಲ್ಯಾಟನ್ನೋ ತೋರಿಸಿ ಮಾರಾಟಕ್ಕೆ ಯತ್ನಿಸಿದರೆ, ಅವನು ನೋಂದಾಯಿತ ದಲ್ಲಾಳಿಯಾಗಿರಬೇಕು. ಇತರರನ್ನು ಸೇರಿಸಿದರೆ ಅವರ ಶುಲ್ಕದಲ್ಲಿ ಪಾಲು ಕೊಡುವೆನೆಂದರೆ, ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ 1978ರ ಕಾಯಿದೆಯ ನೆನಪಾಗಬೇಕು. ಎಲ್ಲರ ಹಣವನ್ನು ಒಟ್ಟುಗೂಡಿಸಿ ಭೂಮಿ ಕೊಂಡು ಲಾಭ ಹಂಚುವೆನೆಂದರೆ, ಸೆಬಿಯ ಅನುಮತಿಯನ್ನು ಕೇಳಬೇಕು. ಕೃಷಿಭೂಮಿಯ ಹೆಸರಿನಲ್ಲಿ ಸುಮಾರು 5.85 ಕೋಟಿ ಜನರಿಂದ ಪಿಎಸಿಎಲ್ ಕಂಪೆನಿ ಸಂಗ್ರಹಿಸಿದ್ದ 49,100 ಕೋಟಿ ರೂಪಾಯಿಯನ್ನು ಹಿಂದಿರುಗಿಸುವಂತೆ ಸೆಬಿ 2014ರಲ್ಲಿ ಆಜ್ಞಾಪಿಸಿದುದನ್ನು ಮರೆಯಲಾಗದು.

ಹಾಗೆಂದು ಭೂವ್ಯವಹಾರದ ಶಿಕ್ಷಣವೇ ಬೇಡವೆಂದಲ್ಲ. ಪ್ರಾಮಾಣಿಕ ಶಿಕ್ಷಕನು ಪಠ್ಯಕ್ರಮವನ್ನು ಮೊದಲೇ ಕೈಗಿಡುತ್ತಾನೆ, ರಸೀದಿ ಕೊಡುತ್ತಾನೆ, ಶುಲ್ಕ ಮರಳಿಸುವ ನಿಯಮವನ್ನು ಬರೆದು ಕೊಡುತ್ತಾನೆ, ನಷ್ಟದ ಸಾಧ್ಯತೆಯನ್ನೂ ಹೇಳುತ್ತಾನೆ. ಈ ಊರಿನ ಭೂಮಿಯ ಮರ್ಮವನ್ನೂ ಬಲ್ಲವನಾಗಿರುತ್ತಾನೆ. ವರ್ಗ ಜಮೀನಿನ ಪಕ್ಕದ ಕುಮ್ಕಿ ಸರಕಾರದ್ದು. ಸೊಪ್ಪು ಸೌದೆಗಳ ಸವಲತ್ತು ಇದ್ದ ಮಾತ್ರಕ್ಕೆ ಅದನ್ನು ಮಾರುವ ಹಕ್ಕು ಬಾರದು. ಮೂಲಗೇಣಿಯ ನಿವೇಶನದಲ್ಲಿ ಒಡೆಯನ ಹಕ್ಕು ಬೇರೆ, ಗೇಣಿದಾರನ ಹಕ್ಕು ಬೇರೆ. ಭೂಪರಿವರ್ತನೆಯಾಗದ ಗದ್ದೆ ಮನೆಯ ನಿವೇಶನವಾಗದು. ಎಲ್ಲ ಊರಿಗೂ ಒಂದೇ ಮಂತ್ರವನ್ನು ಮಾರುವವನಿಗೆ ಇವು ತಿಳಿದಿರುವುದುಂಟೇ? ಇವನ್ನು ಅರಿಯಲು ಭಾರಿ ಶುಲ್ಕವೂ ಬೇಕಿಲ್ಲ. ಪಹಣಿ, ಋಣಭಾರ ಪತ್ರಗಳನ್ನು ಅಲ್ಪ ಶುಲ್ಕಕ್ಕೆ ಪಡೆದು ಒಬ್ಬ ಅನುಭವಿ ವಕೀಲರ ಮುಂದಿಟ್ಟರೆ ಅರ್ಧ ಪಾಠ ಮುಗಿದಂತೆ.

ಈಗಾಗಲೇ ಹಣ ಕಟ್ಟಿ ಮೋಸಹೋದವರು ನಾಚಿ ಸುಮ್ಮನಿರಬಾರದು. ಶುಲ್ಕ ಕೊಟ್ಟು ಸೇವೆ ಪಡೆದವರು ಗ್ರಾಹಕರೇ. ಕರಪತ್ರ, ರಸೀದಿಗಳನ್ನು ಜೋಪಾನ ಮಾಡಿ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು.

ಮಾಸ್ತರರು ಮರುದಿನ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು: ಪಠ್ಯಕ್ರಮವೆಲ್ಲಿ? ಶುಲ್ಕ ಮರಳಿಸುವ ನಿಯಮವೇನು? ಕಲಿಸುವವರು ಸ್ವತಃ ಕೊಂಡು ಮಾರಿದ ಭೂಮಿಯ ದಾಖಲೆ ತೋರಿಸುವಿರಾ? ಒಂದು ವಾರ ಯೋಚಿಸಲು ಅವಕಾಶವುಂಟೇ? ಸಂಶಯಪಡುವವರ ಮನೆಗೆ ಲಕ್ಷ್ಮಿ ಬರುವುದಿಲ್ಲ ಎಂಬುದಷ್ಟೇ ಅಲ್ಲಿ ಸಿಕ್ಕಿದ ಉತ್ತರ.

"ಮೂವತ್ತು ವರ್ಷ ಪಾಠ ಹೇಳಿದೆ, ರಾಯರೇ. ಪ್ರಶ್ನೆ ಕೇಳಿದ ಹುಡುಗನನ್ನು ನಾನು ಒಮ್ಮೆಯೂ ಗದರಿಸಿದವನಲ್ಲ" ಎಂದು ಅವರು ಸಂಜೆ ನಕ್ಕರು. ಮಗಳ ಮದುವೆಯ ಹಣ ಬ್ಯಾಂಕಿನಲ್ಲೇ ಇದೆ.