ಲೇತ್ ಚೂರಿಗೂ ಒಂದು ಹೆಸರಿರಲಿ

ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಗೆ ಬರೋ ಗುಜರಿಯವರಿಗೆ ಲೋಹದ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಅಯಸ್ಕಾಂತ ತಾಗಿಸಿ, ಕೈಯಲ್ಲಿ ತೂಗಿ, ಒಂಚೂರು ಉಜ್ಜಿ ನೋಡಿ ಕಬ್ಬಿಣ, ಹಿತ್ತಾಳೆ, ತಾಮ್ರ ಅಂತ ಬೇರೆ ಮಾಡ್ತಾರೆ. ಒಂದೊಂದಕ್ಕೂ ಒಂದೊಂದು ದರ. ವಿಮಾನದ ಭಾಗ, ಲ್ಯಾಪ್‌ಟಾಪ್ ತಯಾರಿಸುವ ಕಾರ್ಖಾನೆಗಳು ಇವತ್ತು ತಲೆ ಕೆಡಿಸಿಕೊಂಡಿರುವುದೂ ಇದೇ ಕೆಲಸಕ್ಕೆ. ಆದರೆ ಅಲ್ಲಿ ಕಣ್ಣು, ಕೈ, ಅಯಸ್ಕಾಂತ ಸಾಕಾಗೋದಿಲ್ಲ.

ಪಕ್ಕದ ಹರಿಹರಕ್ಕೆ ಲೇತ್ ಹೊಸದೇನಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದದ್ದೇ ಲೇತ್‌ಗಳನ್ನು. ಲೇತ್ ಓಡುವಾಗ ಸುರುಳಿ ಸುರುಳಿಯಾಗಿ ಬೀಳುವ ಚೂರುಗಳನ್ನು ನಮ್ಮ ಕಡೆ ಬಹಳ ಜನ ನೋಡಿರ್ತಾರೆ. ಈಗಿನ ಕಂಪ್ಯೂಟರ್ ಚಾಲಿತ ಯಂತ್ರಗಳಲ್ಲಿ ಆ ಚೂರಿನ ಪ್ರಮಾಣ ಇನ್ನೂ ಜಾಸ್ತಿ. ಬೆಂಗಳೂರು, ಬೆಳಗಾವಿಯಂಥ ಊರುಗಳಲ್ಲಿ ವಿಮಾನದ ಭಾಗಗಳನ್ನು ಗಟ್ಟಿ ಲೋಹದ ದಿಮ್ಮಿಯಿಂದಲೇ ಕೆತ್ತಿ ತೆಗೀತಾರೆ. ಹತ್ತು ಕಿಲೋ ದಿಮ್ಮಿಯಲ್ಲಿ ಒಂದೆರಡು ಕಿಲೋ ಭಾಗ ಉಳಿದು, ಮಿಕ್ಕಿದ್ದೆಲ್ಲ ಚೂರಾಗುವುದು ಈ ಉದ್ಯಮದಲ್ಲಿ ಅಪರೂಪವಲ್ಲ.

ಚೂರನ್ನು ಕರಗಿಸಿದರೆ ಆಯ್ತಲ್ಲ ಅನ್ನಬಹುದು. ಲಾಭವೇನೋ ದೊಡ್ಡದೇ. ಅದಿರಿನಿಂದ ಹೊಸ ಅಲ್ಯುಮಿನಿಯಂ ತಯಾರಿಸಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 5ರಷ್ಟಿದ್ದರೆ ಹಳೆಯದನ್ನು ಕರಗಿಸಬಹುದು. ತೊಡಕು ಇರುವುದು ಬೆರಕೆಯಲ್ಲಿ. ಅಲ್ಯುಮಿನಿಯಂನಲ್ಲೇ ಹತ್ತಾರು ಜಾತಿಗಳಿವೆ. 7075 ಎಂಬ ಮಿಶ್ರಲೋಹದಲ್ಲಿ ಶೇ 5ಕ್ಕಿಂತ ಹೆಚ್ಚು ಸತುವಿರುತ್ತದೆ. 6061ರಲ್ಲಿ ಮುಖ್ಯವಾಗಿ ಮೆಗ್ನೀಸಿಯಂ, ಸಿಲಿಕಾನ್. ಎರಡರ ಚೂರೂ ಒಂದೇ ಬಣ್ಣ, ಒಂದೇ ಹೊಳಪು. ಅಯಸ್ಕಾಂತಕ್ಕೆ ಎರಡೂ ಅಂಟೋದಿಲ್ಲ.

ಅಕ್ಕಿಯಲ್ಲಿ ರಾಗಿ ಬೆರೆತರೆ ಜರಡಿ ಹಿಡಿಯಬಹುದು. ಸಾರಿಗೆ ಉಪ್ಪು ಹೆಚ್ಚಾದ್ರೆ? ತೆಗೆಯೋಕಾಗಲ್ಲ, ಇನ್ನಷ್ಟು ಬೇಳೆ ನೀರು ಸೇರಿಸಿ ತೆಳು ಮಾಡಬೇಕು ಅಷ್ಟೇ. ಕರಗಿದ ಅಲ್ಯುಮಿನಿಯಂ ಕಥೆಯೂ ಹೀಗೇ. ಅದರಲ್ಲಿ ಸೇರಿಹೋದ ತಾಮ್ರ, ಸಿಲಿಕಾನ್‌ಗಳನ್ನು ಸುಟ್ಟು ತೆಗೆಯಲು ಹೋದರೆ ಅವಕ್ಕಿಂತ ಮೊದಲು ಅಲ್ಯುಮಿನಿಯಮ್ಮೇ ಸುಡುತ್ತದೆ. ಹಾಗಾಗಿ ಬೆರಕೆ ಚೂರು ಮತ್ತೆ ವಿಮಾನದ ಭಾಗವಾಗೋದು ಕಷ್ಟ. ಹೆಚ್ಚಿನದು ಎಂಜಿನ್ ಕವಚದಂಥ ಎರಕದ ಸಾಮಾನಿಗೆ, ಕಡಿಮೆ ಬೆಲೆಗೆ ಹೋಗುತ್ತದೆ.

ಬೆರೆಯದಂತೆ ನೋಡಿಕೊಂಡರೆ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 2018ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪಿನ ಹೊರಕವಚವನ್ನು ಪೂರ್ತಿ ಮರುಬಳಕೆಯ ಅಲ್ಯುಮಿನಿಯಂನಿಂದ ಮಾಡಿತು. ಬಳಸಿದ್ದು ತನ್ನದೇ ತಯಾರಿಕೆಯಲ್ಲಿ ಉದುರಿದ ಚೂರು. ಎಲ್ಲಿ ಉದುರಿದ್ದು, ಯಾವ ಜಾತಿಯದು ಅಂತ ಗೊತ್ತಿದ್ದ ಚೂರು ವಾಪಸ್ ಅದೇ ಕೆಲಸಕ್ಕೆ ಬಂತು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಕಣ್ಣಿಗೆ ಇದು ಕುಲುಮೆಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದ ಸಮಸ್ಯೆಯಾಗಿ ಕಾಣುತ್ತದೆ. ದಿಮ್ಮಿ ಕಾರ್ಖಾನೆಗೆ ಬರುವಾಗ ಅದರ ಜಾತಿ, ತಯಾರಾದ ತಂಡದ ಸಂಖ್ಯೆ ಎಲ್ಲ ಕಾಗದದಲ್ಲಿ ಇರುತ್ತದೆ. ಚೂರಾಗಿ ಡ್ರಮ್ಮಿಗೆ ಬಿದ್ದ ತಕ್ಷಣ ಆ ಗುರುತು ಮಾಯ. ಸರ್ಕಾರ 2024ರ ಅಕ್ಟೋಬರ್ 10ರಿಂದ ಒಂದು ನಿಯಮ ತಂದಿದೆ: ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ, ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಜಿಎಸ್‌ಟಿ ಕಟ್ಟಬೇಕು. ಇದರಿಂದ ಹಣದ ಲೆಕ್ಕ ಸಿಗುತ್ತೆ, ಸರಿ. ಆದರೆ ಬಿಲ್ಲಿನಲ್ಲಿ ಅಲ್ಯುಮಿನಿಯಂ ಗುಜರಿಗೆಲ್ಲ 7602 ಎಂಬ ಒಂದೇ ಶೀರ್ಷಿಕೆ. ಜಾತಿಯ ಸುದ್ದಿ ಅದರಲ್ಲಿಲ್ಲ.

ಪರಿಹಾರಕ್ಕೆ ಭಾರೀ ತಂತ್ರಜ್ಞಾನ ಬೇಕಿಲ್ಲ. ಜಾತಿಗೊಂದು ಡ್ರಮ್ಮು, ಅದರ ಮೇಲೊಂದು ಚೀಟಿ. ಕೆಲಸ ಬದಲಾದಾಗ ಯಂತ್ರದ ಚೂರು ಗುಡಿಸಿ ತೆಗೆಯುವ ಶಿಸ್ತು. ಕಟಿಂಗ್ ಆಯಿಲ್ ಸೋರಿಸಿ, ಚೂರನ್ನು ಇಟ್ಟಿಗೆಯಂತೆ ಒತ್ತಿದರೆ ಕರಗಿಸುವಾಗ ಸುಟ್ಟುಹೋಗುವುದೂ ಕಡಿಮೆ. ಅನುಮಾನ ಬಂದರೆ, ಎಕ್ಸ್-ರೇ ಹಾಯಿಸಿ ಕೆಲವೇ ಸೆಕೆಂಡುಗಳಲ್ಲಿ ಲೋಹದ ಜಾತಿ ಹೇಳುವ ಕೈಗನ್ನುಗಳಿವೆ. ದುಬಾರಿ ನಿಜ, ಆದರೆ ಹತ್ತು ವರ್ಕ್‌ಶಾಪ್ ಸೇರಿ ಒಂದನ್ನು ಇಟ್ಟುಕೊಳ್ಳಬಹುದಲ್ಲ?

ಒಂದು ಆತಂಕವೂ ಇದೆ. ದೊಡ್ಡ ಕಾರ್ಖಾನೆ ಮತ್ತು ಕರಗಿಸುವ ಕಂಪನಿ ನೇರ ಒಪ್ಪಂದ ಮಾಡಿಕೊಂಡರೆ ನಡುವಿನ ಗುಜರಿಯವರು ಹೊರಗುಳೀತಾರೆ. ಬೇರ್ಪಡಿಸುವ ಕಲೆ ಇಷ್ಟು ದಿನ ಉಳಿದಿದ್ದೇ ಅವರ ಕೈಯಲ್ಲಿ. ಹೊಸ ವ್ಯವಸ್ಥೆಯಲ್ಲಿ ಅವರಿಗೆ ಆ ಕೈಗನ್ನು, ಆ ಚೀಟಿ, ಬೇರ್ಪಡಿಸಿದ ಮಾಲಿಗೆ ತಕ್ಕ ದರ ಸಿಗಬೇಕು.

ನಿಮ್ಮ ಮನೆಯವರೋ ನೆಂಟರೋ ಲೇತ್ ಇಟ್ಟುಕೊಂಡಿದ್ದರೆ ಒಂದು ತಿಂಗಳು ಚೂರನ್ನು ಜಾತಿವಾರು ಬೇರೆ ಇಟ್ಟು, ಬೇರೆ ಬೇರೆಯಾಗಿ ದರ ಕೇಳಿ ನೋಡಲು ಹೇಳಿ. ಎಷ್ಟು ವ್ಯತ್ಯಾಸ ಬಂತು ಅಂತ ಓದುಗರ ಅಂಕಣಕ್ಕೆ ಬರೆದು ತಿಳಿಸಿ.